ಉಸಿರುಗುಡ್ಡದ ಎತ್ತಾಳು

ಕಿಟ್ಟದಹಾಳಿನ ಪಡುವಣಕ್ಕೆ, ಜಾಲಿಮುಳ್ಳಿನ ದಾರಿ ಮುಗಿಯುವಲ್ಲಿ, ಕೆಮ್ಮಣ್ಣಿನ ಒಂದು ಗುಡ್ಡವಿದೆ. ಎತ್ತರವೇನೂ ಹೆಚ್ಚಿಲ್ಲ, ಮಾತಾಡುತ್ತ ಹತ್ತಿದರೆ ಮಾತು ಮುಗಿಯುವ ಮೊದಲೇ ನೆತ್ತಿ ಸಿಗುತ್ತದೆ. ರಸ್ತೆ ಬದಿಯ ಫಲಕದಲ್ಲಿ ಇದರ ಹೆಸರು ‘ಹೊಸೂರುಗುಡ್ಡ’ ಎಂದಿದೆ. ಈ ಸೀಮೆಯಲ್ಲಿ ಹೊಸೂರೆಂಬ ಊರೇ ಇಲ್ಲ. ಊರವರು ಉಸಿರು ಎಂದದ್ದು ಬರೆಯುವ ಪುಣ್ಯಾತ್ಮನ ಕಿವಿಗೆ ಹೊಸೂರಾಗಿ ಬಿದ್ದಿರಬೇಕು. ತಿದ್ದಿಸಲು ಯಾರೂ ಹೋಗಿಲ್ಲ; ಗುಡ್ಡ ತಾನೇ ತನ್ನ ಹೆಸರು ಹೇಳಿಕೊಳ್ಳುತ್ತಿರುವಾಗ ಫಲಕದ ಹಂಗೇಕೆ ಎಂದು ಸುಮ್ಮನಿದ್ದಾರೆ. ಹತ್ತುವಾಗ ಕಾಲಡಿಯಲ್ಲಿ ಗಾಜಿನ ಹೊಳಪಿನ ಕಪ್ಪು ಚೂರುಗಳು ಗರಗರ ಎನ್ನುತ್ತವೆ. ಅವು ಕಲ್ಲಲ್ಲ, ಎಂದೋ ಅದಿರು ಕರಗಿಸಿ ಕಬ್ಬಿಣ ತೆಗೆದಾಗ ಉಳಿದ ಕಿಟ್ಟ. ನೆತ್ತಿಯ ಹಾಸುಬಂಡೆಯ ಮೇಲೆ ದುಂಡನೆಯ ಎರಡು ಕುಳಿಗಳಿವೆ, ಒಂದರ ಪಕ್ಕ ಒಂದು. ಎರಡರಿಂದಲೂ ಒಂದೊಂದು ತೋಡು ಹೊರಟು ಮುಂದೆ ಕೂಡಿಕೊಳ್ಳುತ್ತದೆ. ಕುಳಿಗಳ ಹಿಂದೆ ಬಿದಿರ ಗಳು ನೆಡುವಷ್ಟು ಅಗಲದ ಎರಡು ತೂತುಗಳು. ನೋಡಲು ಬಂದವರಲ್ಲಿ ಕೆಲವರು ಇವನ್ನು ಭೀಮಸೇನ ಉಂಡ ಬಟ್ಟಲು ಎನ್ನುತ್ತಾರೆ, ಓದಿಕೊಂಡವರು ಧಾನ್ಯ ಕುಟ್ಟುವ ಒರಳು ಎನ್ನುತ್ತಾರೆ. ಊರವರು ಎರಡಕ್ಕೂ ತಲೆಯಾಡಿಸುತ್ತಾರೆ. ಆಷಾಢದ ಗಾಳಿ ಎದ್ದಾಗ ಮಾತ್ರ ಬಂದವರನ್ನು ಕರೆದು ಆ ಬಂಡೆಯ ಮೇಲೆ ಸುಮ್ಮನೆ ಕೂರಿಸುತ್ತಾರೆ. ಗಾಳಿ ತೋಡಿನಲ್ಲಿ ನುಗ್ಗಿ, ಕುಳಿಯಲ್ಲಿ ಸುತ್ತಿ, ಮೆಲ್ಲಗೆ ಹೊರಬರುತ್ತದೆ. ನಿದ್ದೆಹೋದ ಯಾರದೋ ಪಕ್ಕದಲ್ಲಿ ಕೂತ ಹಾಗಾಗುತ್ತದೆ.

ಹಿಂದೆ ಒಮ್ಮೆ, ಕಿಟ್ಟದಹಾಳು ಇನ್ನೂ ಊರಾಗಿರದಿದ್ದ ಕಾಲದಲ್ಲಿ, ಈ ಗುಡ್ಡವನ್ನು ಕರಿಗುಡ್ಡ ಎಂದು ಕರೆಯುತ್ತಿದ್ದರಂತೆ. ಇಳಿಜಾರಿನ ತುಂಬ ಕಬ್ಬಿಣದ ಒಲೆಗಳು, ಹಗಲೆಲ್ಲ ಹೊಗೆ. ಬಹಳ ಹಿಂದಿನವರು ಗಾಳಿಯನ್ನೇ ನಂಬಿ ಒಲೆಯ ಬಾಯನ್ನು ಪಡುವಣಕ್ಕೆ ಇಟ್ಟು ಆಷಾಢಕ್ಕೆ ಕಾಯುತ್ತಿದ್ದರು. ಗಾಳಿ ಮುನಿಸಿಕೊಂಡ ವರ್ಷ ಕಬ್ಬಿಣವಿಲ್ಲ. ಅವರ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೆ ಗಾಳಿಯನ್ನು ತೊಗಲಿನಲ್ಲಿ ಹಿಡಿಯುವುದು ಬಂತು. ಬಂಡೆಯಲ್ಲಿ ಕುಳಿ ಕೊರೆದು, ಅದರ ಮೇಲೆ ಮೇಕೆಯ ತೊಗಲನ್ನು ಸಡಿಲವಾಗಿ ಬಿಗಿದು, ನಡುವೆ ಒಂದು ತೂತು ಬಿಟ್ಟರೆ ತಿದಿಯಾಯಿತು. ಒಬ್ಬರು ತೂತನ್ನು ಹಿಮ್ಮಡಿಯಿಂದ ಮುಚ್ಚಿ ತುಳಿಯಬೇಕು. ಗಾಳಿ ತೋಡಿನ ದಾರಿ ಹಿಡಿದು ಒಲೆಗೆ ಹೋಗುತ್ತದೆ. ಇನ್ನೊಬ್ಬರು ಎದುರಿಗೆ ಕೂತು ಹಗ್ಗದಿಂದ ತೊಗಲನ್ನು ಮೇಲೆತ್ತಬೇಕು. ಕುಳಿಗೆ ಮತ್ತೆ ಗಾಳಿ ತುಂಬುತ್ತದೆ. ತುಳಿಯುವವರಿಗೆ ಒತ್ತಾಳು ಎಂದೂ ಎತ್ತುವವರಿಗೆ ಎತ್ತಾಳು ಎಂದೂ ಹೆಸರು. ಗಂಡ ಒತ್ತಾಳಾದರೆ ಹೆಂಡತಿ ಎತ್ತಾಳು, ಅಪ್ಪ ಎತ್ತಾಳಾದರೆ ಮಗ ಒತ್ತಾಳು. ಇಬ್ಬರೂ ಒಂದೇ ಮನೆಯವರಾಗಿರಬೇಕು. ಒಲೆಯನ್ನು ಅವರು ಬಸುರಿ ಎಂದು ನಂಬಿದ್ದರು, ಒಳಗೆ ಕೂಡಿಕೊಳ್ಳುವ ಕಬ್ಬಿಣದ ಮುದ್ದೆಯನ್ನು ಕೂಸು ಎಂದು. ಪರರ ಉಸಿರು ತಗುಲಿದರೆ ಕೂಸು ಪರರದಾಗುತ್ತದೆ ಎಂಬುದು ಅವರ ಕಟ್ಟಳೆ. ಎತ್ತಾಳು, ಒತ್ತಾಳು ಇಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ಒಲೆಗೆ ಮಣ್ಣು ಮುಚ್ಚಿ, ಆ ಮನೆಯವರು ಗುಡ್ಡ ಇಳಿಯಬೇಕಿತ್ತು.

ನೆತ್ತಿಯ ಮೇಲಿನ ಒಲೆ ಬೊಮ್ಮ, ದ್ಯಾವಕ್ಕ ಎಂಬ ಗಂಡಹೆಂಡಿರದು. ದ್ಯಾವಕ್ಕ ಬಸುರಿಯಾಗಿದ್ದಾಗ ಅದಿರು ಅಗೆಯುವ ಗುಂಡಿ ಕುಸಿದು ಬೊಮ್ಮ ಸತ್ತ. ಗಂಡು ಕೂಸು ಆಮೇಲೆ ಹುಟ್ಟಿತು. ಹುಟ್ಟುವ ಮೊದಲೇ ಅಪ್ಪನನ್ನು ನುಂಗಿಕೊಂಡ ಕೂಸು ಎಂದು ಗುಡ್ಡದವರು ಪಿಸುಗುಟ್ಟಿದರು. ನೋಡಲು ಬಂದ ಹೆಂಗಸರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋದರು. ಸೂಲಗಿತ್ತಿಯ ಕೈ ಬಿಟ್ಟ ಮೇಲೆ ಆ ಕೂಸನ್ನು ತಾಯಿಯಲ್ಲದೆ ಇನ್ನಾರೂ ಎತ್ತಿಕೊಂಡಿರಲಿಲ್ಲ. ದ್ಯಾವಕ್ಕನಿಗೆ ಗಂಡ ಹೋದ ಸಂಕಟಕ್ಕಿಂತ ಇದೇ ಹೆಚ್ಚು ಉರಿಯುತ್ತಿತ್ತು. ಸೂತಕ ಕಳೆದ ಮೇಲೆ ಒಲೆಗಳ ಹಿರಿಯ ಕೆಂಚಜ್ಜ ಬಂದು ಕಟ್ಟೆಯ ಮೇಲೆ ಕೂತ. ಬೊಮ್ಮನಿಗೆ ಅವನು ದೊಡ್ಡಜ್ಜನಾಗಬೇಕು, ಕೆಟ್ಟವನಲ್ಲ, ಆದರೆ ಕಟ್ಟಳೆಯ ವಿಷಯದಲ್ಲಿ ಕಲ್ಲು.

“ಒತ್ತಾಕ ನೀ ಅದಿ, ಖರೆ. ಎತ್ತಾಕ ಯಾರದಾರವ್ವ? ಸುಮ್ನ ಒಲಿಗೆ ಮಣ್ಣು ಮುಚ್ಚಿ ತವರಿಗೆ ಹೋಗು,” ಎಂದ.

“ತವರಾಗ ನನಗ ಒಲಿ ಎಲ್ಲೈತಿ ಯಜ್ಜ? ಬರೋ ಹುಣ್ಣಿವಿಗೆ ಒಂದು ಸಲ ಹೊತ್ತಿಸ್ತೀನಿ. ಕಬ್ಬಿಣ ಕೂಡಲಿಲ್ಲಂದ್ರ ನೀ ಹೇಳಿದಂಗ ಇಳಿದು ಹೋಗ್ತೀನಿ,” ಎಂದಳು ದ್ಯಾವಕ್ಕ.

ಹೇಳುವುದೇನೋ ಹೇಳಿಬಿಟ್ಟಳು. ಒಬ್ಬಳೇ ಹೇಗೆ ಎಂಬುದು ಅವಳಿಗೂ ತಿಳಿದಿರಲಿಲ್ಲ. ತುಳಿದು, ಬಗ್ಗಿ, ಹಗ್ಗ ಹಿಡಿದು ಎತ್ತಿ, ಮತ್ತೆ ತುಳಿದು ನೋಡಿದಳು. ಅಷ್ಟು ಹೊತ್ತಿಗೆ ಕೆಂಡದ ಮೇಲೆ ಬೂದಿ ಕೂತಿರುತ್ತಿತ್ತು. ಅಷ್ಟರಲ್ಲಿ ಕೂಸು ಅಳುತ್ತಿತ್ತು. ತಿದಿ ಬಿಟ್ಟು ಕೂಸಿನ ಕಡೆ, ಕೂಸು ಬಿಟ್ಟು ತಿದಿಯ ಕಡೆ ಓಡಾಡಿ ಸಾಕಾಗಿ ಒಂದು ದಿನ ಬಂಡೆಯ ಮೇಲೆ ಕೂತು ಮನಸಾರೆ ಅತ್ತಳು. ಕೂಸಿನ ಜೋಲಿಯನ್ನು ಅವಳು ಹಸಿ ಬಿದಿರ ಗಳುವೊಂದಕ್ಕೆ ಕಟ್ಟಿದ್ದಳು. ಗುಡ್ಡದ ನೆತ್ತಿಯ ಮೇಲೆ ಮರವಿಲ್ಲ, ಅದಕ್ಕೇ ಗಳು ನೆಟ್ಟು ಅದರ ತುದಿಗೆ ಹಳೆಯ ಸೀರೆ ಇಳಿಬಿಟ್ಟದ್ದು. ಅಳುತ್ತಲೇ ಕೈ ಚಾಚಿ ಜೋಲಿಯನ್ನು ಒಮ್ಮೆ ಕೆಳಕ್ಕೆ ಜಗ್ಗಿ ಬಿಟ್ಟಳು. ಗಳು ಬಾಗಿತು, ಕೂಸು ಇಳಿಯಿತು. ಗಳು ನೆಟ್ಟಗಾಯಿತು, ಕೂಸು ಏರಿತು. ದಿನವೂ ಮಾಡುತ್ತಿದ್ದ ಕೆಲಸವೇ. ಅಂದು ಮಾತ್ರ ಅವಳ ಕೈ ಅರ್ಧಕ್ಕೇ ನಿಂತಿತು. ಇಳಿಸಿದ್ದು ತಾನು, ಸರಿ. ಎತ್ತಿದ್ದು ಯಾರು? ಮತ್ತೆ ಜಗ್ಗಿದಳು, ಮತ್ತೆ ಬಿಟ್ಟಳು. ಕೂಸು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಿತು. ಅವಳಿಗೂ ನಗು ಬಂತು, ಕಣ್ಣಲ್ಲಿ ನೀರು ಇನ್ನೂ ಹಾಗೇ ಇತ್ತು.

ತಿದಿಯ ಹಿಂದೆ ಬಂಡೆಯಲ್ಲಿ ತೂತು ಕೊರೆದು ಒಂದು ಬಿದಿರ ಗಳು ನೆಟ್ಟು ಅದರ ತುದಿಯನ್ನು ಹಗ್ಗದಿಂದ ತೊಗಲಿಗೆ ಕಟ್ಟಿದಳು. ತುಳಿದರೆ ಬಿದಿರು ಬಾಗಿತು, ಕಾಲೆತ್ತಿದರೆ ಬಿದಿರೇ ತೊಗಲನ್ನು ಎತ್ತಿಕೊಂಡಿತು. ಒಂದು ಕಾಲು ಕೆಲಸ ಮಾಡುತ್ತಿತ್ತು, ಇನ್ನೊಂದು ಸುಮ್ಮನೆ ನಿಂತಿತ್ತು. ಪಕ್ಕದಲ್ಲೇ ಹೊಸ ಕುಳಿಯೊಂದಿತ್ತು. ಹಳೆಯದು ಬಿರುಕು ಬಿಟ್ಟೀತೆಂದು ಬೊಮ್ಮ ಸಾಯುವ ಮುಂಚೆ ಕೊರೆದಿಟ್ಟದ್ದು. ಅದಕ್ಕೂ ತೊಗಲು ಬಿಗಿದು, ಅದರ ಹಿಂದೆಯೂ ಬಿದಿರು ನೆಟ್ಟಳು. ಕೂಸಿನ ಜೋಲಿಯನ್ನು ಆ ಗಳುವಿಗೇ ಸೇರಿಸಿ ಕಟ್ಟಿದಳು. ಗಂಡ ಕೊರೆದ ಕುಳಿಯ ಮೇಲೆ ಮೊದಲ ಸಲ ಕಾಲಿಟ್ಟಾಗ ಅವಳು ಸ್ವಲ್ಪ ಹೊತ್ತು ತುಳಿಯದೆ ನಿಂತಿದ್ದಳು ಎನ್ನುತ್ತಾರೆ.

ಹುಣ್ಣಿಮೆಯ ಬೆಳಗ್ಗೆ ಒಲೆಗೆ ಇದ್ದಿಲು, ಅದಿರು ತುಂಬಿ ಬೆಂಕಿ ಇಟ್ಟಳು. ಎಡಗಾಲು ಇಳಿಯಿತು, ಬಲಗಾಲು ಏರಿತು. ಬಲಗಾಲು ಇಳಿಯಿತು, ಎಡಗಾಲು ಏರಿತು. ಒಂದು ತಿದಿ ಉಸಿರು ಬಿಡುವಾಗ ಇನ್ನೊಂದು ಎಳೆದುಕೊಳ್ಳುತ್ತಿತ್ತು, ಹಾಗಾಗಿ ಒಲೆಗೆ ಹೋಗುವ ಗಾಳಿ ಕಡಿಯಲೇ ಇಲ್ಲ. ಬೆಂಕಿ ಮಂಕಾಗದೆ ಒಂದೇ ಸಮ ಬೆಳ್ಳಗೆ ನಿಂತಿತು. ಅವಳು ಮೈಯನ್ನು ಆ ಕಡೆ ಈ ಕಡೆ ತೂಗಿದರೆ ಸಾಕು; ಜೋಲಿಯೂ ಅದರ ಜೊತೆಗೇ ಏರಿ ಇಳಿದು ಕೂಸು ನಿದ್ದೆಹೋಯಿತು. ಬಿಸಿಲು ಏರಿತು. ಕಾಲುಗಳು ತಮ್ಮಷ್ಟಕ್ಕೆ ನಡೆಯುತ್ತಿರಲು ದ್ಯಾವಕ್ಕನ ರೆಪ್ಪೆ ಭಾರವಾಯಿತು, ನಿಂತಲ್ಲೇ ನಿದ್ದೆಯಂಥದೊಂದು ಆವರಿಸಿತು. ಆ ಮಂಪರಿನಲ್ಲಿ ಅವಳಿಗೆ ತನ್ನ ಪಾದಗಳ ಕೆಳಗೆ ಎಂದೋ ಆಗಿಹೋದವರ ಪಾದಗಳು ಕಂಡವಂತೆ. ಅನ್ನದ ಒಲೆಯ ಗುಂಡುಗಲ್ಲು ಗಾಳಿಗೆ ಕೆಂಪಗಾಗಿ ಕಬ್ಬಿಣ ಬೆವರಿದ್ದನ್ನು ನೋಡಿ, ಗಂಜಿ ಉಕ್ಕಿದರೂ ಲಕ್ಷ್ಯವಿಲ್ಲದೆ ಕೂತ ಹೆಂಗಸೊಬ್ಬಳು. ನೀರು ತೀರಿದ ತೊಗಲ ಚೀಲದ ಮೇಲೆ ತಲೆಯಿಟ್ಟು, ಅದರ ಬಾಯಿಂದ ಗಾಳಿ ಬಂದು ಗಡ್ಡ ಅಲುಗಿದ್ದಕ್ಕೆ ಎಚ್ಚೆತ್ತು ಕೂತ ಕುರುಬ. ಅವರಾರೂ ಅವಳ ಕಡೆ ನೋಡಲಿಲ್ಲ, ತಮ್ಮ ತಮ್ಮ ಅಚ್ಚರಿಯಲ್ಲೇ ಮುಳುಗಿದ್ದರು. ಆಮೇಲೆ ಇನ್ನೂ ಹುಟ್ಟದವರು ಬಂದರು. ಹಿಮ್ಮಡಿಯ ಬದಲು ತೂತಿಗೆ ತೊಗಲಿನ ಮುಚ್ಚಳ ಹೊಲಿಯುತ್ತಿದ್ದ ಮುದುಕ, ಚಕ್ರ ತಿರುಗಿಸಿ ಗಾಳಿ ಎಬ್ಬಿಸುತ್ತಿದ್ದ ಹುಡುಗಿ. ಕೊನೆಗೆ ಒಬ್ಬಾತ ಗೋಡೆಯನ್ನು ಬೆರಳಿನಿಂದ ಮುಟ್ಟಿದ, ಗಾಳಿ ಬಂತು. ಅದು ಅವಳಿಗೆ ತಿಳಿಯಲಿಲ್ಲ, ಯಾವನೋ ಮಾಟಗಾರನಿರಬೇಕು ಎಂದುಕೊಂಡಳು. ಎಲ್ಲರೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಿದ್ದರು, ಆ ತೂಗಾಟ ಎಲ್ಲಿ ಮೊದಲಾಯಿತೆಂದು ಯಾರಿಗೂ ಗೊತ್ತಿರಲಿಲ್ಲ.

ಕೆಳಗಿನ ಒಲೆಗಳವರಿಗೆ ಆ ಸದ್ದು ಕೇಳಿಸಿತು. ಅವರು ಕಂಡ ತಿದಿ ಒಮ್ಮೆ ಉಸ್ ಎಂದು ನಿಲ್ಲುತ್ತಿತ್ತು, ತೊಗಲು ಎತ್ತಿದ ಮೇಲೆ ಮತ್ತೆ ಉಸ್ ಎನ್ನುತ್ತಿತ್ತು. ಇದು ನಿಲ್ಲುತ್ತಲೇ ಇಲ್ಲ. ಇಷ್ಟು ಸಲೀಸಾಗಿ ಎತ್ತಬೇಕಾದರೆ ಗಟ್ಟಿ ತೋಳಿನ ಗಂಡಸೇ ಇರಬೇಕು, ಬೊಮ್ಮ ಸತ್ತು ಇನ್ನೂ ವರ್ಷವಾಗಿಲ್ಲ ಎಂದು ಒಬ್ಬರ ಮೋರೆ ಒಬ್ಬರು ನೋಡಿಕೊಂಡರು. ಸಲಿಕೆ ಹಿಡಿದು, ಆ ಒಲೆಗೆ ಅಂದೇ ಮಣ್ಣು ಮುಚ್ಚುವುದೆಂದು ಕೆಂಚಜ್ಜನನ್ನು ಮುಂದೆ ಮಾಡಿಕೊಂಡು ಹತ್ತಿದರು. ನೆತ್ತಿಗೆ ಬಂದವರು ಅಲ್ಲೇ ನಿಂತುಬಿಟ್ಟರು. ಗಂಡಸು ಯಾರೂ ಇರಲಿಲ್ಲ. ಅರೆಗಣ್ಣು ಮುಚ್ಚಿದ ಹೆಣ್ಣುಮಗಳೊಬ್ಬಳು ತೂಗುತ್ತಿದ್ದಳು, ಅವಳ ಹಿಂದೆ ಎರಡು ಬಿದಿರು ಬಾಗಿ ಬಾಗಿ ಏಳುತ್ತಿದ್ದವು, ಕೂಸು ಮಲಗಿತ್ತು, ಒಲೆಯ ಬಾಯಿ ನೋಡಲಾಗದಷ್ಟು ಬೆಳ್ಳಗಿತ್ತು.

“ಎತ್ತಾಕತ್ತೋರು ಯಾರು, ದ್ಯಾವಕ್ಕ?” ಎಂದ ಕೆಂಚಜ್ಜ, ದನಿ ತಗ್ಗಿಸಿ.

ಅವಳು ಕಣ್ಣು ತೆರೆದಳು, ಕಾಲು ನಿಲ್ಲಿಸಲಿಲ್ಲ. “ಬಿದಿರು, ಯಜ್ಜ.”

“ಬಿದಿರು ನಿಮ್ಮ ಮನಿಯವರೇನವ್ವ? ಮನಿಯವರ ಹೊರತು ತಿದಿ ಯಾರೂ ಎತ್ತಬಾರದಂತ ನಿನಗ ಗೊತ್ತಿಲ್ಲೇನು?”

“ಹೊತ್ತು ಹುಟ್ಟಿದಾಗಿಂದ ನನ್ನ ಕೂಸನ್ನ ಎತ್ತಿ ಇಳಿಸಿ ಮಲಗಿಸಿದ್ದು ಈ ಬಿದಿರು. ಕೂಸನ್ನ ಎತ್ತಿದವರು ಮನಿಯವರಲ್ಲಂದ್ರ ಮತ್ಯಾರು ಯಜ್ಜ? ಇಷ್ಟು ಮಂದಿ ಅದೀರಿ. ನಿಮ್ಮಾಗ ಒಬ್ಬರರ ಬಂದು ಎತ್ತಿದಿರೇನು?”

ಸಲಿಕೆ ಹಿಡಿದವರು ಅದನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಸರಿಸಿದರು. ಕೆಂಚಜ್ಜ ಬಾಗುವ ಬಿದಿರನ್ನು ನೋಡುತ್ತ ಬಹಳ ಹೊತ್ತು ನಿಂತ. ಅವನು ಹರೆಯದಿಂದ ಎತ್ತಾಳಾಗಿದ್ದವನು. ಮೊದಲು ಅಪ್ಪನಿಗೆ, ಆಮೇಲೆ ಅಣ್ಣನಿಗೆ, ಆಮೇಲೆ ಮಗನಿಗೆ ಎತ್ತಿ ಎತ್ತಿ ಅವನ ಅಂಗೈಯಲ್ಲಿ ಹಗ್ಗದ ಗುರುತು ಬಿಟ್ಟರೆ ಬೇರೆ ರೇಖೆ ಉಳಿದಿರಲಿಲ್ಲ. ಆ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ತನ್ನ ಕೆಲಸ ಮುಗಿಯಿತೆಂದು ಅವನಿಗೆ ಅಲ್ಲೇ ಅರ್ಥವಾಯಿತು. ನೋವಾಯಿತು, ನೋವಾಗದೆ ಇರುತ್ತದೆಯೇ.

“ಜಲ್ಮೆಲ್ಲ ಬರೇ ತೊಗಲು ಎತ್ತಿದೆ,” ಎಂದ. “ಇನ್ನ ಕೈ ಖಾಲಿ ಆದುವು.”

ಹಾಗೆಂದವನು ಜೋಲಿಯ ಹತ್ತಿರ ಹೋಗಿ, ಕೈಗಳನ್ನು ಎದೆಗೆ ಒರೆಸಿಕೊಂಡು, ಕೂಸನ್ನು ಎತ್ತಿಕೊಂಡ. ಭಾರ ಇಳಿದ ಬಿದಿರು ಒಮ್ಮೆ ಪಟ್ಟನೆ ಮೇಲೆದ್ದು, ಮತ್ತೆ ದ್ಯಾವಕ್ಕನ ಕಾಲಿಗೆ ಹೊಂದಿಕೊಂಡಿತು. ಉಸಿರು ಕಡಿಯಲಿಲ್ಲ. ಕೂಸು ಎಚ್ಚರಗೊಂಡು ಅಜ್ಜನ ಗಡ್ಡ ಹಿಡಿದು ಜಗ್ಗಿತು. ಗಡ್ಡದವನ ಕಣ್ಣು ತುಂಬಿದ್ದನ್ನು ಎಲ್ಲರೂ ನೋಡಿದರು, ನೋಡದವರಂತೆ ಒಲೆಯ ಕಡೆ ತಿರುಗಿದರು. ಸಂಜೆ ಒಲೆ ಒಡೆದಾಗ ಒಳಗಿದ್ದ ಕಬ್ಬಿಣದ ಮುದ್ದೆ ಅವರಾರೂ ಅದುವರೆಗೆ ಕಂಡಿರದಷ್ಟು ದೊಡ್ಡದಿತ್ತು, ಒಳಗೆ ಕಿಟ್ಟವೇ ಇರಲಿಲ್ಲ ಎನ್ನುತ್ತಾರೆ. ಕಥೆಯಲ್ಲಿ ಮುದ್ದೆ ಯಾವಾಗಲೂ ಸ್ವಲ್ಪ ದೊಡ್ಡದೇ ಇರುತ್ತದೆ. ಮುಂದಿನ ದಿನಗಳಲ್ಲಿ ಇಳಿಜಾರಿನ ಒಲೆಗಳೆಲ್ಲ ಒಂದೊಂದಾಗಿ ಬಿದಿರು ನೆಟ್ಟವು, ಗುಡ್ಡವಿಡೀ ಬಿಡುವಿಲ್ಲದೆ ಉಸಿರಾಡತೊಡಗಿತು. ದೂರದ ದಾರಿಹೋಕರು ಕರಿಗುಡ್ಡ ಎನ್ನುವುದನ್ನು ಬಿಟ್ಟು ಉಸಿರುಗುಡ್ಡ ಎಂದರು.

ಆಮೇಲೆ ಯಾರೋ ತೂತಿಗೆ ತೊಗಲಿನ ಮುಚ್ಚಳ ಹೊಲಿದರು, ಯಾರೋ ಕೈಯಿಂದ ಎಳೆಯುವ ತಿದಿ ತಂದರು, ಯಾರೋ ಚಕ್ರ ತಂದರು. ಒಲೆಗಳು ಆರಿದವು. ಅದಿರು ಈಗ ಲಾರಿಯಲ್ಲಿ ಎಲ್ಲಿಗೋ ಹೋಗುತ್ತದೆ. ಗುಡ್ಡದ ಬುಡದಲ್ಲಿ ಕುಡಗೋಲು ಬಡಿಯುವ ಒಂದು ಕುಲುಮೆ ಉಳಿದಿದೆ, ಅದಕ್ಕೆ ಗಾಳಿ ಊದುವುದು ಕರೆಂಟಿನ ಪಂಖ. ಕಮ್ಮಾರ ಇಕ್ಕಳ ಹಿಡಿದುಕೊಂಡೇ “ಎತ್ತಾಳನ್ನ ಹಾಕು” ಎಂದು ಒಳಗೆ ಕೂಗುತ್ತಾನೆ, ಅವನ ಹೆಂಡತಿ ಗೋಡೆಯ ಸ್ವಿಚ್ಚು ಒತ್ತುತ್ತಾಳೆ. ಆ ಮಾತು ಎಲ್ಲಿಂದ ಬಂತೆಂದು ಕೇಳಿದರೆ ಇಬ್ಬರೂ ಗುಡ್ಡದ ಕಡೆ ಗದ್ದ ಎತ್ತಿ ತೋರಿಸುತ್ತಾರೆ.

ಆಷಾಢದಲ್ಲಿ ಹೋದವರಿಗೆ ನೆತ್ತಿಯ ಮೇಲೆ ಇನ್ನೊಂದು ಸಂಗತಿ ಕಾಣಿಸುತ್ತದೆ. ಕುಳಿಯ ಹಿಂದಿನ ತೂತಿನಲ್ಲಿ ಹಸಿ ಬಿದಿರು ನೆಟ್ಟಿರುತ್ತಾರೆ, ಅದರ ತುದಿಗೆ ಹಳೆಯ ಸೀರೆಯ ಜೋಲಿ. ಆ ವರ್ಷ ಹುಟ್ಟಿದ ಕೂಸುಗಳನ್ನು, ಅದರಲ್ಲೂ ಅಪ್ಪನಿಲ್ಲದವನ್ನು, ಯಾರೂ ಒಪ್ಪದವನ್ನು ಮೊದಲಾಗಿ, ಅಲ್ಲಿಗೆ ತರುತ್ತಾರೆ. ಪೂಜಾರಿಯಿಲ್ಲ, ಮಂತ್ರವಿಲ್ಲ. ಊರಿನ ಯಾವನಾದರೂ ಒಬ್ಬ ಮುದುಕ ಕೈ ಒರೆಸಿಕೊಂಡು ಪಕ್ಕದಲ್ಲಿ ನಿಂತಿರುತ್ತಾನೆ. ತಾಯಿ ಕೂಸನ್ನು ಜೋಲಿಗೆ ಹಾಕಿ ಒಮ್ಮೆ ಕೆಳಕ್ಕೆ ಜಗ್ಗಿ ಬಿಡುತ್ತಾಳೆ. ಬಂಡೆ ಒಂದು ಉಸಿರು ಬಿಡುತ್ತದೆ. ಮೊದಲು ಬಿದಿರು ಎತ್ತುತ್ತದೆ, ಆಮೇಲೆ ಅಜ್ಜ.