ಇಂಗ್ಲಿಷ್ ಬಲ್ಲ ನರಿಯ ಸಮಾಧಾನ

ಒಂದು ಕಾಡಿನಲ್ಲಿ ಚೆನ್ನಿ ಅನ್ನುವ ಮೊಲ ಇದ್ದಳು. ಮೇಯಲು ಹೋದ ಗಂಡ ವಾಪಸ್ ಬಂದಿರಲಿಲ್ಲ. ದಿಬ್ಬದ ಪೊದೆಯಲ್ಲಿ ಎರಡು ಹಸುಗೂಸುಗಳು. ಎಲೆ ಅಲುಗಿದರೂ ಚೆನ್ನಿಯ ಎದೆ ಡವಡವ ಅನ್ನುತ್ತಿತ್ತು.

ಆ ಕಾಡಿನಲ್ಲೊಂದು ಪದ್ಧತಿ. ಸಂಕಟ ಇದ್ದವರು ಸಂಜೆ ದಿಬ್ಬದ ಕೆಳಗಿನ ಹೊಂಡದ ಹತ್ತಿರ ಬಾಯಿಬಿಟ್ಟು ಹೇಳಬೇಕು. ಕೇಳಿದವರು ಅವರನ್ನು ಒಂಟಿಯಾಗಿ ಬಿಟ್ಟು ಹೋಗುವಂತಿಲ್ಲ.

ಚೆನ್ನಿ ಹೊಂಡದ ಕಡೆ ಹೊರಟಾಗ, ಇದು ಗೊತ್ತಿದ್ದ ನರಿ ದಾರಿಗೆ ಅಡ್ಡ ಬಂದ. ಇಂಗ್ಲಿಷ್ ಶಾಲೆಯ ಹಿಂದಿನ ತಿಪ್ಪೆಯಲ್ಲಿ ಬೆಳೆದವನು ಅವನು. ಅನ್ನದ ಅಗುಳಿನ ಜೊತೆ ಪಾಠವನ್ನೂ ಹೆಕ್ಕಿಕೊಂಡಿದ್ದ!

"ಯಾಕಮ್ಮಾ, ಮುಖ ಬಾಡಿದೆ?"

"ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೀನಿ ಮಾವ. ಮನೆಯವರು ಬಂದಿಲ್ಲ. ಮಕ್ಕಳ ಹತ್ರ ಯಾರೂ ಇಲ್ಲ."

"ಛೆ ಛೆ! ಹೀಗೆ ಗೋಳಾಡಿದರೆ ಹಳ್ಳಿಗುಗ್ಗು ಅಂತಾರೆ. ಯಾರಾದರೂ ಕೇಳಿದರೆ 'ಫೀಲಿಂಗ್ ಬ್ಲೂ' ಅನ್ನು. ಮತ್ತೂ ಕೇಳಿದರೆ 'ಡೌನ್ ಇನ್ ದ ಡಂಪ್ಸ್' ಅನ್ನು. ದೊಡ್ಡವರು ದುಃಖ ಹೇಳಿಕೊಳ್ಳೋದು ಹೀಗೇನೇ."

ಪಾಪ, ಚೆನ್ನಿ ನಂಬಿ ಹೊಂಡದ ಹತ್ತಿರ ಬಂದಳು.

"ಏನಾಯ್ತೇ ಮಗಳೇ?" ಅಂತ ಮುಳ್ಳುಹಂದಿ ಅಜ್ಜ ಕೇಳಿದ.

"ಫೀಲಿಂಗ್ ಬ್ಲೂ, ಅಜ್ಜ."

"ಹಂಗಂದ್ರೆ?" ಅಂದಳು ಅಲ್ಲಿದ್ದ ಜಿಂಕೆಗಳಲ್ಲೊಬ್ಬಳು.

"ಡೌನ್ ಇನ್ ದ ಡಂಪ್ಸ್."

"ಅಬ್ಬಬ್ಬಾ, ನಮ್ಮ ಚೆನ್ನಿ ಇಂಗ್ಲಿಷ್ ಕಲಿತಳು!" ಅಂತ ಎಲ್ಲರೂ ಹಿಗ್ಗಿಕೊಂಡು ಹೊರಟೇಬಿಟ್ಟರು. ಚೆನ್ನಿ ಹೊಂಡದ ಬಳಿ ಒಬ್ಬಳೇ ಉಳಿದಳು. ಹೇಳಿದ್ದೇನೋ ಹೇಳಿದೆ, ಭಯ ಹಾಗೇ ಇದೆಯಲ್ಲ!

ತಲೆ ಎತ್ತಿ ನೋಡುತ್ತಾಳೆ, ನರಿಮಾವ ನಾಲಿಗೆ ಚಪ್ಪರಿಸುತ್ತಾ ಅವಳ ಪೊದೆಯ ಕಡೆಗೇ ನುಸುಳುತ್ತಿದ್ದಾನೆ.

ಇಂಗ್ಲಿಷೆಲ್ಲ ಹಾರಿಹೋಯಿತು. "ಅಯ್ಯೋ, ಬನ್ರಪ್ಪೋ! ನನ್ನ ಮಕ್ಕಳನ್ನ ತಿಂತಾನೆ! ಒಬ್ಬಳೇ ಇದ್ದೀನಿ, ಭಯ ಆಗ್ತಿದೆ!"

ಹೊರಟವರೆಲ್ಲ ದಡದಡ ತಿರುಗಿ ಓಡಿಬಂದರು. ದಿಬ್ಬದ ದಾರಿಯಲ್ಲೇ ಹೋಗುತ್ತಿದ್ದ ಅಜ್ಜ ಮುಳ್ಳು ಕೆದರಿಕೊಂಡು ಪೊದೆಗೆ ಅಡ್ಡ ನಿಂತ. ಆತುರಗೆಟ್ಟ ನರಿ ಮೂತಿ ತೂರಿಸಿದ್ದೇ ತಡ, ಮೂತಿ ತುಂಬ ಮುಳ್ಳು!

"ಅಯ್ಯಯ್ಯಮ್ಮೋ, ಸತ್ತೆ!"

"ಯಾಕಪ್ಪಾ," ಅಂದ ಅಜ್ಜ, "ಇಂಗ್ಲಿಷಿನಲ್ಲಿ ಅಳು."

ನರಿ ಊಳಿಡುತ್ತಾ ಓಡಿದ. ಚೆನ್ನಿ ಮಕ್ಕಳನ್ನು ಅವುಚಿಕೊಂಡು ಮನಸಾರೆ ಅತ್ತಳು, ಎಲ್ಲವನ್ನೂ ಹೇಳಿದಳು. ಗಂಡನನ್ನು ಹುಡುಕಲು ಜಿಂಕೆಗಳು ಹೊರಟವು. ಅಜ್ಜ ಪೊದೆಯ ಬಾಗಿಲಲ್ಲೇ ಕೂತ.

ನೀತಿ: ಸಂಕಟಕ್ಕೆ ಚೆಂದದ ಮಾತು ಬೇಡ, ನಮ್ಮವರಿಗೆ ಅರ್ಥವಾಗುವ ಹಾಗೆ ಹೇಳಿಕೊಂಡರೆ ಮಾತ್ರ ನೆರವು ಬರುತ್ತದೆ.