ಇನ್ನೂರರ ‘ವರೆಗೆ’

ಗುಳೇದಗುಡ್ಡದಲ್ಲಿ ಕಸ್ತೂರಿ ಎಂಬಾಕೆ ಮನೆಮನೆಗೆ ಇಂಟರ್‌ನೆಟ್ ಕೊಡುತ್ತಿದ್ದಳು. ಕಂಬ ಹತ್ತಿ ಕೇಬಲ್ ಎಳೆಯುವುದನ್ನೂ ತಾನೇ ಕಲಿತವಳು. ಅಂಗಡಿಯ ಮುಂದೆ ಅವಳದೊಂದು ಹಲಗೆ: ‘ಸಂಜೆ ಏಳಕ್ಕೆ, ನಿಮ್ಮ ಮನೆಯೊಳಗೆ, ನಲವತ್ತು ಎಂಬಿಪಿಎಸ್ ವೇಗ.’ ಹೀಗೆ ಬರೆಯುವ ಎದೆಗಾರಿಕೆ ಊರಲ್ಲಿ ಇನ್ನೊಬ್ಬರಿಗಿಲ್ಲ ಎಂಬುದು ಅವಳ ಹೆಮ್ಮೆ.

ಎದುರಿಗೆ ಮಲ್ಲೇಶಿ ಹೊಸ ಅಂಗಡಿ ತೆರೆದ. ಅವನ ಬ್ಯಾನರಿನಲ್ಲಿ ‘ಇನ್ನೂರು ಎಂಬಿಪಿಎಸ್ ವರೆಗೆ’ ಎಂದಿತ್ತು. ‘ಇನ್ನೂರು’ ಆನೆಯಷ್ಟು, ‘ವರೆಗೆ’ ಇರುವೆಯಷ್ಟು.

ತಿಂಗಳೊಳಗೆ ಕಸ್ತೂರಿಯ ಅರ್ಧ ಗಿರಾಕಿಗಳು ಆ ಕಡೆ ಹೋದರು. ಉಳಿದ ದೊಡ್ಡ ಗಿರಾಕಿ ನೇಕಾರರ ಸಂಘ. ದಿನಾ ಸಂಜೆ ಏಳಕ್ಕೆ ಅವರು ರವಿಕೆಯ ಖಣಗಳನ್ನು ದೂರದೂರಿನವರಿಗೆ ವಿಡಿಯೋದಲ್ಲಿ ತೋರಿಸಿ ಮಾರುತ್ತಿದ್ದರು. ಸಂಘವೂ ಹೋದರೆ ಅವಳ ಅಂಗಡಿಗೆ ಬೀಗವೇ. ಒಂದು ದಿನ ಸಂಘದ ಅಧ್ಯಕ್ಷ ಪರಸಪ್ಪ ಬಂದೇಬಿಟ್ಟರು.

“ನಿಂದು ನಲವತ್ತು, ಅವಂದು ಇನ್ನೂರು. ನಾ ಏನ್ ಮಾಡ್ಲಿ ನೀನ ಹೇಳವ್ವ.”

“ಅಳದು ನೋಡ್ರಿ ಕಾಕಾ. ಆದ್ರ ಮಧ್ಯಾಹ್ನ ಅವನ ಅಂಗಡ್ಯಾಗ ಅಲ್ಲ. ಸಂಜಿ ಏಳಕ್ಕ, ನಿಮ್ಮ ಮಗ್ಗದ ಮನ್ಯಾಗ. ಊರಾಗಿನ ಮಂದಿ ಎಲ್ಲಾ ಮೊಬೈಲ್ ಹಿಡಕೊಂಡು ಕೂತಿರ್ತಾರಲ್ಲ, ಆವಾಗ.”

ಸಂಘದ ಮಗ್ಗದ ಮನೆಗೆ ಕಸ್ತೂರಿಯ ಲೈನಿನ ಪಕ್ಕ ಮಲ್ಲೇಶಿಯದೂ ಬಂತು. ಅಳೆಯುವ ಹೊತ್ತಿಗೆ ಇಬ್ಬರೂ ಅಲ್ಲೇ ಇದ್ದರು. ಏಳಕ್ಕೆ ಸರಿಯಾಗಿ ಪರಸಪ್ಪ ಮೊದಲು ಮಲ್ಲೇಶಿಯದನ್ನು ಅಳೆದರು. ಬಂದದ್ದು ನಾಲ್ಕು. ಖಣ ತೋರಿಸುತ್ತಿದ್ದ ಚಿತ್ರ ಅಲ್ಲಲ್ಲೇ ನಿಂತಿತು.

“‘ವರೆಗೆ’ ಅಂತ ಬರದೀನಲ್ರೀ, ಸುಳ್ಳ ಎಲ್ಲಿ ಬಂತು?” ಎಂದ ಮಲ್ಲೇಶಿ.

“ಊಟಕ್ಕ ಕರದು ‘ಹತ್ತು ರೊಟ್ಟಿವರೆಗೆ’ ಅಂದು ಒಂದ ರೊಟ್ಟಿ ಹಾಕಿದ್ರ ಅದೂ ಸುಳ್ಳಲ್ಲೋ ತಮ್ಮಾ,” ಎಂದಳು ಕಸ್ತೂರಿ. “ಹೊಟ್ಟಿ ತುಂಬೂದಿಲ್ಲ, ಅಷ್ಟ.”

ಆಮೇಲೆ ಅವಳ ಲೈನು ಅಳೆದರು. ಮೂವತ್ತೇಳು. ಚಿತ್ರ ಎಲ್ಲೂ ನಿಲ್ಲಲಿಲ್ಲ. ಖಣದ ಅಂಚಿನ ಎಳೆ ಎಣಿಸಬಹುದಿತ್ತು.

ಮಲ್ಲೇಶಿ ನಕ್ಕ. “ಮೂರು ಕಮ್ಮಿ ಬಂತಲ್ಲಕ್ಕ.”

ಕಸ್ತೂರಿ ನೇರ ಅಂಗಡಿಗೆ ನಡೆದು, ಹಲಗೆಯ ಮೇಲಿನ ನಲವತ್ತನ್ನು ಒರೆಸಿ ಮೂವತ್ತೇಳು ಎಂದು ಬರೆದಳು, ಮೊದಲಿಗಿಂತ ದೊಡ್ಡ ಅಕ್ಷರದಲ್ಲಿ. ಹಿಂದೆಯೇ ಬಂದ ಪರಸಪ್ಪ ಅದನ್ನು ಓದಿದರು.

“ಗಿರಾಕಿ ಓಡಿಹೋಗೂ ಹೊತ್ತಿನ್ಯಾಗ ಕಮ್ಮಿ ಮಾಡಿ ಬರೀತಿಯಲ್ಲ, ನಾಚಿಕಿ ಆಗೂದಿಲ್ಲೇನ?”

“ಬರದಷ್ಟು ಕೊಡದಿದ್ರ ನಾಚಿಕಿ, ಕಾಕಾ. ಈ ಮೂವತ್ತೇಳು ನಂದು. ಇಡೀ ಊರು ಬಂದು ಅಳೀಲಿ.”

ಪರಸಪ್ಪ ಮಲ್ಲೇಶಿಗೆ ಫೋನು ಹಚ್ಚಿದರು. “ನಾಳೆ ಬಂದು ನಿನ್ನ ವೈರು ಬಿಚ್ಚಿಕೊಂಡು ಹೋಗಪ್ಪ,” ಎಂದರು.

ನೀತಿ: ದೊಡ್ಡ ಅಂಕಿಯನ್ನು ಯಾರು ಬೇಕಾದರೂ ಬರೆಯಬಹುದು. ಕೊಳ್ಳುವವರು ತಮ್ಮ ಮನೆಯಲ್ಲಿ, ತಮಗೆ ಬೇಕಾದ ಹೊತ್ತಿನಲ್ಲಿ ಅಳೆದು ನೋಡಬೇಕು. ಮಾರುವವರು ಕೊಡಲು ಆಗುವಷ್ಟನ್ನೇ ಬರೆದರೆ, ಅಂಕಿ ಚಿಕ್ಕದಾದರೂ ತಲೆ ಎತ್ತಿ ನಿಲ್ಲಬಹುದು.