ಹೊಳೆಕೌವದ ಹೂ ಬೆಳಗಾಗುತ್ತಲೇ ಉದುರುವುದೇಕೆ

ನೆಲ ಎಲ್ಲಿ ಮುಗಿಯಬೇಕು, ನೀರು ಎಲ್ಲಿ ಶುರುವಾಗಬೇಕು ಎಂಬುದು ಇನ್ನೂ ತೀರ್ಮಾನವಾಗದ ಕಾಲ ಅದು. ಎರಡೂ ಬಿಟ್ಟುಕೊಡದೆ ಉಳಿದ ಜಾಗವೇ ಜೌಗು. ಆ ಜೌಗಿನ ನಡುವೆ ಒಂದೇ ಒಂದು ಮರ ನಿಂತಿತ್ತು. ಅದು ಹೊಳೆಕೌವ.

ಆಗ ಅದರ ಹೂಗಳು ಈಗಿನಂತಿರಲಿಲ್ಲ. ಕೊಂಬೆಯ ಮೇಲೆ ನೆಟ್ಟಗೆ ನಿಂತು ಹಗಲಿನಲ್ಲಿ ಅರಳುತ್ತಿದ್ದವು.

ಆ ಕೊಂಬೆಗಳಲ್ಲಿ ಬೆಳ್ಳಕ್ಕಿಗಳ ಸಂಸಾರವಿತ್ತು. ಅವುಗಳದ್ದೊಂದು ಕಟ್ಟಳೆ: ಕಡ್ಡಿ ತಂದಿಟ್ಟವರದೇ ಕೊಂಬೆ. ಗಂಡು ಕಡ್ಡಿ ತರಬೇಕು, ಹೆಣ್ಣು ಕೊಕ್ಕಿನಲ್ಲಿ ಅದನ್ನು ಇಸಿದುಕೊಂಡು ಇಡಬೇಕು. ಆಮೇಲೆ ಆ ಜಾಗಕ್ಕೆ ಬೇರೆಯವರು ಬರುವಂತಿಲ್ಲ. ನೀರುಕಾಗೆ ಕೂಡ ಕಡ್ಡಿ ತಂದೇ ಜಾಗ ಪಡೆದಿತ್ತು.

ಗೂಡುಗಳ ಅಡಿಯಲ್ಲಿ ಹೂಗಳು ಜಜ್ಜಿಹೋದವು. ಒಂದು ಮಳೆಗಾಲ ಹೋಯಿತು, ಕಾಯಿಲ್ಲ. ಇನ್ನೊಂದು ಹೋಯಿತು, ಕಾಯಿಲ್ಲ.

"ನನಗೆ ವಯಸ್ಸಾಯಿತು," ಎಂದು ಮರ ಗಾಳಿಗೆ ಹೇಳಿತು. "ನಾನು ಬಿದ್ದರೆ ಈ ಜೌಗಿನಲ್ಲಿ ಮರವೇ ಇರುವುದಿಲ್ಲ. ಉಳಿದಿರುವ ನಾಲ್ಕು ಹೂಗಳ ಪುಡಿಯನ್ನಾದರೂ ನೀನು ಹೂವಿನಿಂದ ಹೂವಿಗೆ ಒಯ್ಯಬಾರದೇ?"

"ನಿನ್ನ ಪುಡಿ ಅಂಟಂಟು. ನನ್ನಿಂದ ಆಗದು," ಎಂದಿತು ಗಾಳಿ. "ಮೈಮೇಲೆ ರೋಮ ಇರುವವರು ಯಾರಾದರೂ ಬೇಕು."

ಒಂದು ಸಂಜೆ ಬಾವಲಿಯೊಬ್ಬಳು ಹಾರಿಬಂದಳು. ಬಾವಲಿ ಹಕ್ಕಿಯಲ್ಲ, ನೆನಪಿರಲಿ. ಅವಳಿಗೆ ಗರಿಯಿಲ್ಲ, ರೋಮವಿದೆ. ಅವಳ ಗುಹೆಗೆ ನೀರು ನುಗ್ಗಿತ್ತು. ಹೊಟ್ಟೆಗೆ ಮರಿ ಅಂಟಿಕೊಂಡಿತ್ತು.

"ಕಡ್ಡಿ ಎಲ್ಲಿ?" ಎಂದು ಬೆಳ್ಳಕ್ಕಿ ದೊಡ್ಡಮ್ಮ ಕೇಳಿದಳು.

ಬಾವಲಿ ಕಡ್ಡಿಯೊಂದನ್ನು ಕಚ್ಚಿ ತಂದಳು. ತಲೆಕೆಳಗಾಗಿ ತೂಗಿಕೊಂಡು ಅದನ್ನು ಕೊಂಬೆಯ ಮೇಲಿಡಲು ನೋಡಿದಳು. ಕಡ್ಡಿ ಪುಳಕ್ಕನೆ ನೀರಿಗೆ ಬಿತ್ತು. ಇನ್ನೊಂದು ತಂದಳು. ಅದೂ ಬಿತ್ತು.

"ಮೀನುಗಳಿಗೆ ಮನೆ ಕಟ್ಟುತ್ತಿದ್ದೀಯೇನೇ?" ಎಂದು ನೀರುಕಾಗೆ ನಕ್ಕಿತು.

"ನಗು ಮಾರಾಯ. ಮರಿ ಹಸಿದಿದೆ, ನನ್ನ ರೆಕ್ಕೆ ಸೋತಿದೆ. ಇವತ್ತೊಂದು ದಿನ ಇರಲಿಕ್ಕೆ ಬಿಡಿ."

"ಇವತ್ತು ನಿನಗೆ ಬಿಟ್ಟರೆ ನಾಳೆ ಕೋತಿಗೂ ಬಿಡಬೇಕು," ಎಂದಳು ದೊಡ್ಡಮ್ಮ. "ಕಟ್ಟಳೆ ಅಂದರೆ ಕಟ್ಟಳೆ."

ಮರ ಬಾವಲಿಯ ಕತ್ತಿನ ದಟ್ಟ ರೋಮವನ್ನು ನೋಡಿತು.

"ದೊಡ್ಡಮ್ಮ, ನೀವು ಕಡ್ಡಿ ಇಟ್ಟದ್ದು ಕೊಂಬೆಯ ಮೇಲೋ, ಕೆಳಗೋ?" ಎಂದು ಮರ ಕೇಳಿತು.

"ಮೇಲೆ. ಕೆಳಗಿಟ್ಟರೆ ನಿಲ್ಲುತ್ತದೆಯೇ?"

"ಹಾಗಾದರೆ ಕೆಳಭಾಗ ಯಾರದು?"

ದೊಡ್ಡಮ್ಮ ಕತ್ತು ಓರೆ ಮಾಡಿ ಯೋಚಿಸಿದಳು. "ಯಾರದೂ ಅಲ್ಲ. ಅಲ್ಲೇನಿದೆ? ನೆರಳು, ಮತ್ತೆ ನಮ್ಮ ಹಿಕ್ಕೆ."

"ನೆರಳು ಸಾಕು," ಎಂದಳು ಬಾವಲಿ. "ಹಿಕ್ಕೆ ಬಿದ್ದರೆ ರೆಕ್ಕೆಯನ್ನೇ ಕೊಡೆ ಮಾಡಿಕೊಳ್ಳುತ್ತೇನೆ."

"ಇದ್ದುಕೋ. ಮೇಲೆ ಮಾತ್ರ ಹತ್ತಕೂಡದು. ನಾವು ಏಳುವ ಹೊತ್ತಿಗೆ ಯಾವ ಗದ್ದಲವೂ ಇರಕೂಡದು."

ಜಾಗ ಸಿಕ್ಕಿತು. ಆದರೆ ಜೇನು ತುಂಬಿದ ಹೂಗಳೆಲ್ಲ ಮೇಲೆಯೇ ಇದ್ದವು. ಬಾವಲಿ ಕೆಳಗೆ ಹಸಿದುಕೊಂಡು ತೂಗಾಡಿದಳು.

ಆಗ ಮರ ತನ್ನ ಮೊಗ್ಗುಗಳನ್ನೆಲ್ಲ ಸರ ಸರವಾಗಿ ಕೊಂಬೆಯಿಂದ ಕೆಳಕ್ಕೆ ಇಳಿಬಿಟ್ಟಿತು. "ಸೂರ್ಯ ಮುಳುಗುವವರೆಗೆ ಕಣ್ಣು ಬಿಡಬೇಡಿ," ಎಂದು ಅವಕ್ಕೆ ಹೇಳಿತು. ಹಕ್ಕಿಗಳು ರೆಕ್ಕೆಯಲ್ಲಿ ತಲೆ ಹುದುಗಿಸಿದವು. ಕೆಳಗೆ ಕೆಂಪು ಹೂಗಳು ಒಂದೊಂದಾಗಿ ಅರಳಿದವು. ಬಾವಲಿ ಮುಖವಿಟ್ಟು ಜೇನು ಕುಡಿದಳು. ಮರಿಗೆ ಹಾಲು ಬಂತು. ಕತ್ತಿನ ರೋಮಕ್ಕೆ ಹತ್ತಿದ ಪುಡಿ ಅವಳ ಜೊತೆ ಹೂವಿನಿಂದ ಹೂವಿಗೆ ಹೋಯಿತು.

ಬೆಳಕು ಹರಿಯುವಾಗ ಮರಕ್ಕೆ ದೊಡ್ಡಮ್ಮನ ಮಾತು ನೆನಪಾಯಿತು. ಹೂ ಉಳಿದರೆ ದುಂಬಿ ಬರುತ್ತದೆ, ದುಂಬಿಯ ಹಿಂದೆ ಹಕ್ಕಿ ಬರುತ್ತದೆ, ಜಗಳವೂ ಬರುತ್ತದೆ. ಮರ ಮೆಲ್ಲಗೆ ಮೈಯಲುಗಿಸಿ ಹೂಗಳನ್ನೆಲ್ಲ ನೀರಿಗೆ ಬಿಟ್ಟಿತು.

ತೇಲುವ ಹೂಗಳನ್ನು ಮೂಸಲು ಮೀನುಗಳು ಮೇಲೆ ಬಂದವು. ದೊಡ್ಡಮ್ಮ ಎದ್ದವಳೇ ಕೆಳಗಿಳಿದು ಎರಡು ಮೀನು ಹಿಡಿದಳು. ಹಿಂದಿರುಗುವಾಗ ಬಾವಲಿಯನ್ನು ಕಂಡಳು. ರೆಕ್ಕೆಯೊಳಗೆ ಮರಿಯನ್ನು ಸುತ್ತಿಕೊಂಡು ಅವಳು ನಿದ್ದೆಹೋಗಿದ್ದಳು.

"ಕಿರುಚಬೇಡಿ," ಎಂದು ದೊಡ್ಡಮ್ಮ ತನ್ನ ಮರಿಗಳನ್ನು ಗದರಿದಳು. "ಕೆಳಮನೆಯವಳು ಈಗಷ್ಟೇ ಮಲಗಿದ್ದಾಳೆ."

ಆ ವರ್ಷ ಸರಗಳ ತುಂಬ ಕಾಯಿ ಬಿಟ್ಟಿತು. ಕಾಯಿ ಕೆಸರಿಗೆ ಬಿದ್ದು ಮೊಳೆಯಿತು.

ಅದಕ್ಕೇ ಮಕ್ಕಳೇ, ಹೂ ಬಿಡುವ ಕಾಲದಲ್ಲಿ ಬೆಳಗ್ಗೆ ಬೇಗ ಹೊಳೆಯಂಚಿಗೆ ಹೋದರೆ, ಮೇಲೆ ಬೆಳ್ಳಕ್ಕಿ, ಕೆಳಗೆ ಬಾವಲಿ, ಅದರ ಕೆಳಗೆ ಹೂವಿನಿಂದ ಕೆಂಪಾದ ನೀರು, ಆ ನೀರಿನಲ್ಲಿ ಹೊಳೆಕೌವದ ಎಳೆಯ ಸಸಿಗಳು ಮೊಣಕಾಲುದ್ದ ನಿಂತಿರುವುದು ಇವತ್ತಿಗೂ ಕಾಣುತ್ತದೆ.